ಕಾಡು ಕೊಳ್ಳುವ ಮುಂಚೆ ಕುಮ್ಕಿ ಯಾವುದೆಂದು ತಿಳಿಯಿರಿ

ಐದಾರು ಜನ ಸೇರಿ ಹೆಬ್ರಿ, ಬೆಳ್ತಂಗಡಿ ಕಡೆ ಘಟ್ಟದ ಬುಡದಲ್ಲಿ ಜಾಗ ಕೊಂಡು ಕಾಡನ್ನು ಹಾಗೇ ಉಳಿಸೋಣ ಎಂಬ ಮಾತು ಮಂಗಳೂರು, ಉಡುಪಿಯಲ್ಲಿ ಕೇಳಿದಾಗ ನಿಜಕ್ಕೂ ಸಂತೋಷವಾಗುತ್ತದೆ. ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಎಡವುವುದು ಬೇರೆ ಕಡೆ.

ಜಾಗ ತೋರಿಸುವವರು ತೋಟದ ಮೇಲಿನ ಗುಡ್ಡೆಯತ್ತ ಕೈ ತೋರಿ "ಆ ಕಾಡೂ ಇದಕ್ಕೇ ಸೇರಿದ್ದು" ಅನ್ನುತ್ತಾರೆ. ಬಹಳ ಸಲ ಅದು ಕುಮ್ಕಿ. ಅಂದರೆ ಕದೀಂ ವರ್ಗ (ಹಳೆಯ ಕಾಲದಿಂದಲೇ ಕಂದಾಯ ಕಟ್ಟುತ್ತ ಬಂದ ಖಾಸಗಿ) ಜಮೀನಿಗೆ ತಾಗಿ 100 ಗಜದೊಳಗಿರುವ ಸರ್ಕಾರಿ ಜಾಗ. ಸೊಪ್ಪು, ತರಗೆಲೆ, ಕಟ್ಟಿಗೆ ತರುವ ಸವಲತ್ತಷ್ಟೇ ಆ ಜಮೀನಿನ ಒಡೆಯರಾದ ವರ್ಗದಾರರದ್ದು, ಮಾರುವ ಹಕ್ಕಿಲ್ಲ. ಕಾಡು ನೋಡಿ ದುಡ್ಡು ಕೊಟ್ಟವರಿಗೆ ಕ್ರಯಪತ್ರದಲ್ಲಿ ಸಿಗುವುದು ಅಡಿಕೆ ತೋಟ ಮಾತ್ರ! ಮುಂಗಡ ಕೊಡುವ ಮೊದಲೇ ಪಹಣಿ, ಸರ್ವೆ ನಕ್ಷೆ ಹಿಡಿದು ಸರ್ವೇಯರ್ ಜೊತೆ ಗಡಿಕಲ್ಲು ನೋಡಿ. ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ 1978ರ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದ ಕ್ರಯ ನಿಲ್ಲದು. ನಿಲ್ಲಲೂಬಾರದು.

ಸುತ್ತ ರಬ್ಬರಿರುವ ಮೂರು ಎಕರೆ ಒಂಟಿ ಕಾಡಿಗಿಂತ ಮೀಸಲು ಅರಣ್ಯಕ್ಕೆ ತಾಗಿದ ಬೋಳುಗುಡ್ಡೆ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಸಣ್ಣ ಕಾಡಿಗೆ ನಾಲ್ಕೂ ಕಡೆಯಿಂದ ಬಿಸಿಲು, ಗಾಳಿ ನುಗ್ಗಿ ನೆಲ ಒಣಗುತ್ತದೆ, ಅಂಚಿನಿಂದ ಕಮ್ಯುನಿಸ್ಟ್ ಗಿಡವೆಂಬ ಕಳೆ ಹಬ್ಬುತ್ತದೆ. ಅರಣ್ಯದ ಪಕ್ಕದ ಗುಡ್ಡೆಗೆ ಮಂಗಟ್ಟೆ, ಪುನುಗುಬೆಕ್ಕು ತಾವೇ ಬೀಜ ತರುತ್ತವೆ. ಧೂಪದ ಮರದಂಥವುಗಳ ಭಾರದ ಬೀಜ ಮಾತ್ರ ತಾಯಿಮರದ ಬುಡದಲ್ಲೇ ಉಳಿಯುವುದರಿಂದ ಅದನ್ನು ನಾವೇ ಹೆಕ್ಕಿ ತರಬೇಕು. ಒಣಗಿಸಿ ಇಟ್ಟರೆ ಸತ್ತೇಹೋಗುತ್ತದೆ. ಬಿದ್ದ ಕೆಲವೇ ದಿನಗಳಲ್ಲಿ ನೆರಳಿನ ಹಸಿ ಮಣ್ಣಿಗೆ ಸೇರಿಸಿ.

ಬೇಲಿ ಹಾಕಿದ ದಿನವೇ ನೆರೆಯವರು ತರಗೆಲೆ ಒಯ್ಯುವುದನ್ನು ನಿಲ್ಲಿಸಿದರೆ ಕೆಲಸ ಕೆಟ್ಟಿತು. ಬೇಸಿಗೆಯಲ್ಲಿ ಬೆಂಕಿ ಕಂಡು ಮೊದಲು ಓಡಿಬರುವವರು ಅವರೇ. ಈ ವರ್ಷ ಅರ್ಧ ಗುಡ್ಡೆ, ಮುಂದಿನ ವರ್ಷ ಇನ್ನರ್ಧ ಎಂದು ಕೂತು ಮಾತಾಡಿ ಬಿಟ್ಟುಕೊಡಿ.

ಕೊಂಡವರ ಮಕ್ಕಳು ನಾಳೆ ರಬ್ಬರ್ ಹಾಕಿದರೆ? ಅದಕ್ಕೆ ವನ್ಯಜೀವಿ ಕಾಯ್ದೆಯ 36ಸಿ ಕಲಮಿನಡಿ ಸಮುದಾಯ ಮೀಸಲು ಎಂದು ಘೋಷಿಸುವಂತೆ ಒಡೆಯರೇ ಮುಂದೆ ಬರಬಹುದು. ಆಮೇಲೆ ನಿರ್ವಹಣಾ ಸಮಿತಿಯ ನಿರ್ಣಯ, ಸರ್ಕಾರದ ಒಪ್ಪಿಗೆ ಎರಡೂ ಇಲ್ಲದೆ ಭೂಬಳಕೆ ಬದಲಿಸುವಂತಿಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು ಇಂಥದ್ದೇ ಮೀಸಲು.

ನಾಗಬನ (ನಾಗನಿಗೆ ಬಿಟ್ಟ ಪುಟ್ಟ ದೇವರಕಾಡು) ಇರುವ ಕುಟುಂಬಗಳಿಗಂತೂ ಜಾಗ ಕೊಳ್ಳುವ ಖರ್ಚೇ ಇಲ್ಲ. ಪಾಲುಪಟ್ಟಿ ಬರೆಸುವಾಗ ಬನದ ಸೆಂಟ್ಸನ್ನು ಯಾರೊಬ್ಬರ ಪಾಲಿಗೂ ಹಾಕದೆ ಜಂಟಿಯಾಗಿ ಉಳಿಸಿ. ಕಟ್ಟೆ ಬೇಕಿದ್ದರೆ ನಾಗನ ಕಲ್ಲಿನ ಸುತ್ತ ಮಾತ್ರ ಕಟ್ಟಿ. ಬನವಿಡೀ ಇಂಟರ್‌ಲಾಕ್ ಹಾಸಿದರೆ ಬಿದ್ದ ಬೀಜಕ್ಕೆ ಮಣ್ಣು ಸಿಗದು, ಬೇರಿಗೆ ಮಳೆನೀರು ಇಳಿಯದು.