‘ಪ್ರಿಂಟರ್ ಸಿಗಲಿಲ್ಲ’ ಅಂತ ಕೈ ತೊಳ್ಕೊಳ್ಳೋದು ಯಾವ ನ್ಯಾಯ?

ಪ್ರಿಂಟರ್ ಕಣ್ಣೆದುರಿಗೇ ಇದೆ. ಯುಎಸ್‌ಬಿ ಕೇಬಲ್ಲು ಸರಿ ಇದೆ, ಕಂಪ್ಯೂಟರಿನಿಂದ ಕೊಟ್ಟರೆ ಹಾಳೆ ಸರಾಗವಾಗಿ ಬರುತ್ತೆ. ಅದೇ ವೈಫೈನಲ್ಲಿರೋ ಐಪ್ಯಾಡ್‌ನಿಂದ ಕೊಟ್ಟರೆ ಮಾತ್ರ ‘ಏರ್‌ಪ್ರಿಂಟ್ ಪ್ರಿಂಟರ್ ಸಿಗಲಿಲ್ಲ’. ಏರ್‌ಪ್ರಿಂಟ್ ಅಂದ್ರೆ ವೈಫೈ ಮೇಲೆ ಪ್ರಿಂಟ್ ಮಾಡೋ ಆ್ಯಪಲ್‌ನ ವ್ಯವಸ್ಥೆ. ಯಾಕೆ ಸಿಗಲಿಲ್ಲ ಅನ್ನೋದಕ್ಕೆ ಒಂದಕ್ಷರ ಇಲ್ಲ. ಮೈ ಉರಿಯೋದು ಇಲ್ಲೇ.

ವಿಂಡೋಸಿನಲ್ಲಿ ‘ಶೇರ್ ದಿಸ್ ಪ್ರಿಂಟರ್’ಗೆ ಟಿಕ್ ಹಾಕಿದ್ರೆ ಮನೇಲಿರೋ ಎಲ್ಲ ಸಾಧನಕ್ಕೂ ಕಾಣುತ್ತೆ ಅಂತ ಯಾರಿಗಾದ್ರೂ ಅನ್ಸುತ್ತೆ. ಕಾಣಲ್ಲ! ಆ ಶೇರಿಂಗು ಇನ್ನೊಂದು ವಿಂಡೋಸ್ ಕಂಪ್ಯೂಟರಿಗಷ್ಟೇ ಚೆನ್ನ. ಐಪ್ಯಾಡ್ ಹುಡುಕೋ ದಾರಿಯೇ ಬೇರೆ: ಎಂಡಿಎನ್‌ಎಸ್‌ನಲ್ಲಿ (ಮನೆ ನೆಟ್‌ವರ್ಕಿನ ಸಾಧನಗಳು ಒಂದನ್ನೊಂದು ಹುಡುಕೋ ಪದ್ಧತಿ), ಯುಡಿಪಿ 5353ನೇ ಪೋರ್ಟಿನಲ್ಲಿ (ಸಂದೇಶ ಹೋಗಿಬರೋ ಬಾಗಿಲು), ‘ಐಪಿಪಿ ಪ್ರಿಂಟರ್ ಯಾರಾದ್ರೂ ಇದ್ದೀರಾ’ ಅಂತ ಕೂಗುತ್ತೆ. ಐಪಿಪಿ ಅಂದ್ರೆ ನೆಟ್‌ವರ್ಕಿನಲ್ಲಿ ಪ್ರಿಂಟ್ ಮಾಡಿಸೋ ಭಾಷೆ. ಬರೀ ಟಿಕ್ ಹಾಕಿದ ವಿಂಡೋಸ್ ಆ ಕೂಗಿಗೆ ಓಗೊಡಲ್ಲ. ಏರ್‌ಪ್ರಿಂಟ್ ಬಂದಿದ್ದು 2010ರಲ್ಲಿ. ಇಷ್ಟು ವರ್ಷದಲ್ಲಿ ಆ ಟಿಕ್ ಪಕ್ಕ ‘ಇದು ಐಪ್ಯಾಡ್‌ಗೆ ಕಾಣಲ್ಲ’ ಅಂತ ಒಂದು ಸಾಲು ಹಾಕೋಕೆ ಏನು ಧಾಡಿ?

ಹುಡುಕಿದ್ರೆ ಸಿಗೋ ಹಳೇ ಸಲಹೆಗಳು ಇನ್ನೂ ಗೂಗಲ್ ಕ್ಲೌಡ್ ಪ್ರಿಂಟ್ (ಇಂಟರ್ನೆಟ್ ಮೂಲಕ ಪ್ರಿಂಟ್ ಮಾಡಿಸೋ ಸೇವೆ) ಅಂತಾವೆ. ಅದು ಮುಚ್ಚಿದ್ದು 2020ರ ಕೊನೆಗೆ. ಅದರ ಮೇಲೆ ಒಂದು ನಿಮಿಷವೂ ಕಳೀಬೇಡಿ.

ಕೆಲಸಕ್ಕೆ ಬರೋದು ಲಿನಕ್ಸಿನ ಕಪ್ಸ್, ಅಂದ್ರೆ ಪ್ರಿಂಟಿಂಗ್ ನೋಡ್ಕೊಳ್ಳೋ ತಂತ್ರಾಂಶ. ಲಿನಕ್ಸ್ ಓಡೋ ಹಳೇ ಕಂಪ್ಯೂಟರೋ ರಾಸ್ಪ್‌ಬೆರಿ ಪೈ ಅನ್ನೋ ಅಂಗೈಯಗಲದ ಕಂಪ್ಯೂಟರೋ ಸಾಕು, ಪ್ರಿಂಟರಿನ ಕೇಬಲ್ಲು ಅದಕ್ಕೆ ಹಾಕಿ. ಅದರಲ್ಲೇ ಬ್ರೌಸರ್ ತೆಗೆದು ಲೋಕಲ್‌ಹೋಸ್ಟ್ 631ಕ್ಕೆ (localhost:631, ಕಪ್ಸ್‌ನ ಸೆಟ್ಟಿಂಗ್ ಪುಟ) ಹೋಗಿ, ಅಡ್ಮಿನಿಸ್ಟ್ರೇಶನ್‌ನಲ್ಲಿ ಶೇರ್ ಪ್ರಿಂಟರ್ಸ್ ಟಿಕ್ ಮಾಡಿ. ಅಲ್ಲಿಗೆ ಮುಗೀತು ಅನ್ಕೋಬೇಡಿ, ಇಲ್ಲೂ ಒಂದು ಹಳ್ಳ ಇದೆ: ಒಂದೊಂದು ಪ್ರಿಂಟರಿನ ಮಾಡಿಫೈ ಪುಟದಲ್ಲೂ ಶೇರ್ ಟಿಕ್ ಬೇರೆಯಾಗಿ ಹಾಕ್ಬೇಕು. ಒಂದು ಹಾಕಿ ಇನ್ನೊಂದು ಬಿಟ್ರೆ ಪ್ರಿಂಟರ್ ಕಾಣಲ್ಲ. ಪ್ರಿಂಟರ್ ಇದೆ ಅಂತ ನೆಟ್‌ವರ್ಕಿಗೆ ಸಾರೋದು ಲಿನಕ್ಸಿನ ಅವಾಹಿ ಅನ್ನೋ ತಂತ್ರಾಂಶ, ಅದು ಓಡ್ತಿರಬೇಕು. ಆ ಕಂಪ್ಯೂಟರಿನ ಫೈರ್‌ವಾಲ್‌ನಲ್ಲಿ ಟಿಸಿಪಿ 631, ಯುಡಿಪಿ 5353 ಎರಡೂ ಪೋರ್ಟು ತೆರೆದಿರಬೇಕು.

ಇಷ್ಟಾದ ಮೇಲೂ ರೌಟರ್ ಕಾಟ. ಟ್ಯಾಬ್ಲೆಟ್ಟು ಗೆಸ್ಟ್ ವೈಫೈನಲ್ಲಿದ್ರೆ, ‘ಎಪಿ ಐಸೊಲೇಶನ್’ (ವೈಫೈನಲ್ಲಿರೋ ಸಾಧನಗಳು ಒಂದಕ್ಕೊಂದು ಮಾತಾಡದಂತೆ ತಡೆಯೋ ಸೆಟ್ಟಿಂಗ್) ಆನ್ ಆಗಿದ್ರೆ, ಎರಡನೇ ರೌಟರ್ ತನ್ನದೇ ಬೇರೆ ಐಪಿ ವಿಳಾಸಗಳ ಸಾಲು ಹಂಚ್ತಿದ್ರೆ, ಎಂಡಿಎನ್‌ಎಸ್ ಕೂಗು ಆಚೆಗೆ ದಾಟೋದೇ ಇಲ್ಲ. ಇಂಟರ್ನೆಟ್ ಮಾತ್ರ ಜೋರಾಗಿ ಓಡ್ತಿರುತ್ತೆ, ಹಾಗಾಗಿ ನೆಟ್‌ವರ್ಕ್ ಮೇಲೆ ಯಾರಿಗೂ ಅನುಮಾನವೇ ಬರಲ್ಲ. ಎರಡನೇ ರೌಟರನ್ನ ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ತಾನೇ ವಿಳಾಸ ಹಂಚದೆ ಬರೀ ವೈಫೈ ಕೊಡೋ ರೀತಿ) ಹಾಕಿ, ಐಸೊಲೇಶನ್ ಆಫ್ ಮಾಡಿ.

ಪ್ರಿಂಟರ್ ಹಾಕಿರೋ ಕಂಪ್ಯೂಟರಿನ ಸ್ಲೀಪ್ ಕೂಡ ಆಫ್ ಮಾಡಿ. ಅದು ಮಲಗಿದ ಕೂಡಲೇ ಅದರ ಪ್ರಿಂಟರೂ ಮಾಯ. ಕಂಪ್ಯೂಟರ್ ಮಲಗಿದ್ರೂ, ಫೈರ್‌ವಾಲ್ ತಡೆದ್ರೂ, ರೌಟರ್ ನುಂಗಿದ್ರೂ ಪರದೆ ಮೇಲೆ ಬರೋದು ಅದೇ ದರಿದ್ರ ಸಾಲು.