ಹೊತ್ತು ಮುಳುಗುವ ಮೊದಲು

ಮಂಗಳೂರಿನ ಕಡೆ ಹಳೇ ಹಂಚಿನ ಮನೆ ಇರುವವರಿಗೆ ಮೇ ತಿಂಗಳ ಕೆಲಸ ಗೊತ್ತೇ ಇದೆ. ಮಳೆ ಹಿಡಿಯುವ ಮೊದಲು ಒಡೆದ ಹಂಚು ತೆಗೆಸಿ ಬೇರೆ ಹಾಕಿಸಬೇಕು. ನಮ್ಮ ಮನೆಗೂ ಒಬ್ಬರು ಬಂದರು. ಮಂಗಳವಾರ, ಬುಧವಾರ ಇಡೀ ದಿನ ಉರಿಬಿಸಿಲಲ್ಲಿ ಮಾಡಿನ ಮೇಲೆಯೇ ಇದ್ದರು. ಎರಡು ರೀಪು ಹುಳ ಹಿಡಿದಿತ್ತು, ಅದನ್ನೂ ಬದಲಿಸಿದರು. ಮೊದಲ ದಿನ ಸಂಜೆ ಕೈಕಾಲು ತೊಳೆದು ಜಗಲಿಯ ಹತ್ತಿರ ಬಂದು ನಿಂತಾಗ, "ಶನಿವಾರ ಒಟ್ಟಿಗೇ ಕೊಡ್ತೇನೆ, ಆಗ್ಬಹುದಲ್ಲ?" ಅಂದೆ. "ಆಯ್ತು ಅಕ್ಕ" ಅಂದರು. ಹಣ ಕಪಾಟಿನಲ್ಲೇ ಇತ್ತು. ಲೆಕ್ಕ ಒಂದೇ ಸಲ ಮುಗಿಸಿದರೆ ನನಗೆ ಸುಲಭ ಅಂದುಕೊಂಡಿದ್ದೆ, ಅಷ್ಟೇ.

ಗುರುವಾರ ಬೆಳಿಗ್ಗೆ ಎಂದಿನಂತೆ ಸತ್ಯವೇದ, ಅಂದ್ರೆ ಬೈಬಲ್, ತೆರೆದೆ. ಅದರ ಹಳೇ ಒಡಂಬಡಿಕೆಯ ಒಂದು ಪುಸ್ತಕವಾದ ಧರ್ಮೋಪದೇಶಕಾಂಡವನ್ನು ಮೊದಲಿನಿಂದ ಓದುತ್ತಿದ್ದೆ. ಆ ದಿನ ಬಂದದ್ದು 24ನೇ ಅಧ್ಯಾಯ. ಅದರ 14 ಮತ್ತು 15ನೇ ವಚನಗಳ ಸಾರ ಇಷ್ಟು: ಕೂಲಿ ಮಾಡುವವನು ನಿನ್ನ ಜನರವನಾಗಲಿ, ಬೇರೆಯವನಾಗಲಿ, ಅವನ ಕೂಲಿಯನ್ನು ಆ ದಿನವೇ ಹೊತ್ತು ಮುಳುಗುವ ಮೊದಲು ಕೊಟ್ಟುಬಿಡು. ಅವನು ಬಡವ, ಅದರ ಮೇಲೆಯೇ ಮನಸ್ಸಿಟ್ಟುಕೊಂಡಿರುತ್ತಾನೆ. ಕೊಡದಿದ್ದರೆ ಅವನು ದೇವರಿಗೆ ಮೊರೆಯಿಡುತ್ತಾನೆ, ಆಗ ನಿನಗೆ ಪಾಪ.

ಓದಿ ಮುಂದಿನ ವಚನಕ್ಕೆ ಹೋದೆ. ಹೋಗಲಾಗಲಿಲ್ಲ. ಮತ್ತೆ ಹಿಂದೆ ಬಂದೆ. ಎರಡು ಸಂಜೆ, ಎರಡು ಸಲ ಹೊತ್ತು ಮುಳುಗಿತ್ತು.

ಎಂಟು ಗಂಟೆಗೆ ಅವರು ಬಂದರು. ಏಣಿ ಹತ್ತುವ ಮೊದಲೇ ಎರಡು ದಿನದ ಕೂಲಿ ಕೈಗೆ ಕೊಟ್ಟೆ. ಎಣಿಸಿದರು. ಒಂದು ಐನೂರರ ನೋಟು ಬೇರೆ ಮಾಡಿ ಅಂಗಿಯ ಜೇಬಿಗೆ ಹಾಕಿ, ಉಳಿದದ್ದನ್ನು ಮಡಚಿ ಪ್ಲಾಸ್ಟಿಕ್ ಕವರಿನಲ್ಲಿ ಮೊಬೈಲ್ ಜೊತೆ ಇಟ್ಟರು. "ಒಳ್ಳೆದಾಯ್ತು ಅಕ್ಕ. ನಿನ್ನೆ ಅಂಗಡಿಯಲ್ಲಿ ಬರೆಸಿ ಅಕ್ಕಿ ತಂದದ್ದು" ಅಂದರು. ದೂರುವ ದನಿ ಸ್ವಲ್ಪವೂ ಇರಲಿಲ್ಲ. ಅದೇ ನನಗೆ ಜಾಸ್ತಿ ನಾಟಿತು.

ಇದನ್ನು ಇಲ್ಲಿ ಯಾಕೆ ಬರೆಯುತ್ತಿದ್ದೇನೆ ಅಂದ್ರೆ, ದಿನಾ ದೇವರ ವಾಕ್ಯ ಓದುವುದು ನಮ್ಮಲ್ಲಿ ನಿಧಾನವಾಗಿ ಬೇರೇನೋ ಆಗುತ್ತಿದೆ ಅಂತ ನನಗೆ ಬಹಳ ದಿನದಿಂದ ಅನಿಸುತ್ತಿದೆ. ಹೊಸ ವರ್ಷದ ಆರಾಧನೆಯಲ್ಲಿ ದೇವರು ಕೊಟ್ಟ ಮಾತಿನ ಒಂದು ವಚನ ಬರೆದಿರುವ ವಾಗ್ದಾನದ ಕಾರ್ಡ್ ತೆಗೆಯುತ್ತೇವೆ. ಬೆಳಿಗ್ಗೆ ಎದ್ದರೆ ವಾಟ್ಸಾಪ್‌ನಲ್ಲಿ ಹೂವಿನ ಚಿತ್ರದ ಮೇಲೆ "ಇಂದಿನ ವಾಗ್ದಾನ". ಆಮೆನ್ ಅಂತ ಟೈಪ್ ಮಾಡಿ ಇನ್ನು ಹತ್ತು ಜನಕ್ಕೆ ಕಳಿಸುತ್ತೇವೆ. ಆ ಕಾರ್ಡುಗಳಲ್ಲಿ ಕೂಲಿಯ ವಚನ ಬಂದದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ನೀವು ನೋಡಿದ್ದೀರಾ? ದೇವರು ನನಗೆ ಏನು ಕೊಡುತ್ತಾನೆ ಅನ್ನುವ ವಚನ ಮಾತ್ರ ಆರಿಸಿಕೊಂಡು, ನನ್ನಿಂದ ಏನು ಕೇಳುತ್ತಾನೆ ಅನ್ನುವುದನ್ನು ಬಿಟ್ಟುಬಿಟ್ಟರೆ ಅದು ಧ್ಯಾನ ಹೇಗಾಗುತ್ತದೆ?

ಪ್ರವಾದಿ ಯೆರೆಮೀಯನ ಪುಸ್ತಕದ 29ನೇ ಅಧ್ಯಾಯದ 11ನೇ ವಚನ ನೋಡಿ. ನಿಮ್ಮ ವಿಷಯದಲ್ಲಿ ನಾನು ಮಾಡುವ ಯೋಚನೆ ಕೇಡಿನದಲ್ಲ, ಹಿತದ್ದು, ನಿಮಗೆ ಒಳ್ಳೆಯ ನಿರೀಕ್ಷೆ ಕೊಡುವಂಥದ್ದು ಅನ್ನುವ ಮಾತು. ಕ್ಯಾಲೆಂಡರ್, ಚಹಾದ ಕಪ್, ಕಾರಿನ ಹಿಂದಿನ ಗಾಜು, ಎಲ್ಲಾ ಕಡೆ ಇದೆ. ನನಗೂ ಕಷ್ಟದಲ್ಲಿ ಬಲ ಕೊಟ್ಟ ವಚನ. ಆದರೆ ಇದು ಯೆರೆಮೀಯ ಬರೆದ ಒಂದು ಪತ್ರದ ಮಾತು. ಬರೆದದ್ದು ಯಾರಿಗೆ? ಕ್ರಿ.ಪೂ. 597ರಲ್ಲಿ ಯೆರೂಸಲೇಮಿನಿಂದ ಊರು ಬಿಡಿಸಿ ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆ ಒಯ್ದ ಜನರಿಗೆ. ಇನ್ನು ಎರಡೇ ವರ್ಷದಲ್ಲಿ ಎಲ್ಲಾ ಸರಿಹೋಗುತ್ತದೆ ಅಂತ ಹನನ್ಯ ಅನ್ನುವ ಇನ್ನೊಬ್ಬ ಪ್ರವಾದಿ ದೇವಾಲಯದಲ್ಲೇ ನಿಂತು ಸಾರಿದ್ದ. ಜನರಿಗೆ ಬೇಕಾಗಿದ್ದದ್ದೂ ಅದೇ. ಯೆರೆಮೀಯ ಬರೆದದ್ದು ಮಾತ್ರ 70 ವರ್ಷ ಅಂತ. ಪತ್ರ ಓದಿದ ದೊಡ್ಡವರಲ್ಲಿ ಹೆಚ್ಚಿನವರು ತಮ್ಮ ಊರನ್ನು ಮತ್ತೆ ನೋಡುವಂತಿರಲಿಲ್ಲ. ಅಂಥವರಿಗೆ ಅದೇ ಪತ್ರ ಹೇಳುತ್ತದೆ: ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ನಿಮ್ಮನ್ನು ಸೆರೆ ಒಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೇ ದುಡಿಯಿರಿ, ಅದಕ್ಕಾಗಿ ಪ್ರಾರ್ಥಿಸಿ. ಇದು 5ರಿಂದ 7ರವರೆಗಿನ ವಚನಗಳು. 11ಕ್ಕೆ ಬರಬೇಕಾದರೆ 7ನ್ನು ದಾಟಿಯೇ ಬರಬೇಕು, ಅಲ್ವಾ? ಒಂದೇ ಸಾಲು ಕತ್ತರಿಸಿ ಕಳಿಸುವಾಗ ನಾವು ಹನನ್ಯನ ಪಕ್ಕಕ್ಕೆ ಹೋಗಿ ನಿಲ್ಲುತ್ತೇವೇನೋ ಅನ್ನುವ ಹೆದರಿಕೆ ನನಗಿದೆ.

ದಿನಕ್ಕೊಂದು ವಚನ ಅನ್ನುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಅದು ಹಳೆಯ, ಒಳ್ಳೆಯ ಪದ್ಧತಿ. ಜರ್ಮನಿಯ ಹೆರ್ನ್‌ಹುಟ್ ಅನ್ನುವ ಊರಿನಲ್ಲಿ 1728ರಲ್ಲಿ ಮೊರೇವಿಯನ್ ಸಭೆ ಅನ್ನುವ ಕ್ರೈಸ್ತ ಪಂಗಡದವರು ಇದನ್ನು ಶುರು ಮಾಡಿದರು. ಆ ದಿನದ ವಾಕ್ಯವನ್ನು ಮನೆಮನೆಗೆ ಹೋಗಿ ಹೇಳುತ್ತಿದ್ದರು. 1731ರಿಂದ ಅದು ಪುಸ್ತಕವಾಗಿ ಬರುತ್ತಿದೆ, ಇವತ್ತಿಗೂ. ಮನೆಗೆ ಹೋಗಿ ಹೇಳುವುದು ಅಂದ್ರೆ ಆ ಮನೆಯಲ್ಲಿ ಯಾರಿಗೆ ಹುಷಾರಿಲ್ಲ, ಯಾರ ಮನೆಯಲ್ಲಿ ಒಲೆ ಉರಿದಿಲ್ಲ ಅನ್ನುವುದೂ ಕಣ್ಣಿಗೆ ಬೀಳುತ್ತದೆ. ಫಾರ್ವರ್ಡ್ ಮಾಡಿದರೆ ಬೀಳುವುದಿಲ್ಲ.

1834ರಲ್ಲಿ ಸ್ಯಾಮುವೆಲ್ ಹೆಬಿಕ್ ಮತ್ತು ಇಬ್ಬರು ಸಂಗಡಿಗರು ಮಂಗಳೂರಿಗೆ ಬಂದು ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನ ಕೆಲಸ ಶುರು ಮಾಡಿದರು. ಮನೆಯಲ್ಲೇ ದಿನಾ ವಾಕ್ಯ ಓದಿ ಪ್ರಾರ್ಥನೆ ಮಾಡುವುದಕ್ಕೆ ಬಹಳ ಬೆಲೆ ಕೊಡುವ ಭಕ್ತಿಯಲ್ಲೇ ಬೆಳೆದವರು ಅವರು. ನನ್ನ ಅಜ್ಜಿಯ ಸಂಜೆ ಪ್ರಾರ್ಥನೆಯೂ ಅದೇ ಬೇರಿನದು ಅಂತ ನಾನು ನಂಬಿದ್ದೇನೆ. ಅಜ್ಜಿ ಮಾತಾಡುವುದು ತುಳು, ಪ್ರಾರ್ಥನೆ ಮಾತ್ರ ಕನ್ನಡದಲ್ಲಿ. ಒಂದು ವಚನ ಓದಿದರೆ ಮರುದಿನ ಪೂರ್ತಿ ಅದನ್ನೇ ಬಾಯಲ್ಲಿ ಗುಣುಗುಣು ಅನ್ನುತ್ತಿದ್ದರು. ಅಕ್ಕಿ ಆರಿಸುವಾಗ, ಬಾವಿಯಿಂದ ನೀರು ಸೇದುವಾಗ. ದೊಡ್ಡವಳಾದ ಮೇಲೆ ನನಗೆ ತಿಳಿಯಿತು, ಸತ್ಯವೇದದ ಕೀರ್ತನೆಗಳಲ್ಲಿ ಒಂದನೆಯದರಲ್ಲಿ ಹಗಲಿರುಳು ಧ್ಯಾನಿಸುವವನು ಅಂತ ಬರುವ ಕಡೆ ಇರುವ ಹೀಬ್ರೂ ಪದಕ್ಕೆ ಗುಣುಗುವುದು ಅನ್ನುವ ಅರ್ಥವೂ ಇದೆ. ಪಾರಿವಾಳದ ಮುಲುಗುವಿಕೆಗೂ, ಬೇಟೆಯ ಮೇಲೆ ಕೂತ ಸಿಂಹದ ಗುರುಗುಟ್ಟುವಿಕೆಗೂ ಯೆಶಾಯನ ಪುಸ್ತಕದಲ್ಲಿ ಅದೇ ಪದ. ನಮ್ಮ ಕನ್ನಡದಲ್ಲಿ ಮೆಲುಕು ಹಾಕುವುದು ಅಂತ ಎಷ್ಟು ಚೆಂದದ ಮಾತಿದೆ! ಹಟ್ಟಿಯ ದನ ಮಲಗಿ ಮಾಡುವ ಕೆಲಸ ಅದು. ಅವಸರದಲ್ಲಿ ಆಗುವುದಿಲ್ಲ.

ನನ್ನ ಓದು ಈಗ ಕಮ್ಮಿಯಾಗಿದೆ. ಮೊದಲು ವರ್ಷಕ್ಕೊಮ್ಮೆ ಪೂರ್ತಿ ಸತ್ಯವೇದ ಮುಗಿಸುವ ಹಟ ಇತ್ತು. ದಿನಕ್ಕೆ ಮೂರ್ನಾಲ್ಕು ಅಧ್ಯಾಯ ಓಡಿಸುತ್ತಿದ್ದೆ. ಆ ವರ್ಷಗಳಲ್ಲೂ ಈ 24ನೇ ಅಧ್ಯಾಯ ಓದಿಯೇ ಓದಿದ್ದೇನೆ, ಗುರುತು ಹಾಕಿದ ಪೆನ್ಸಿಲ್ ಗೆರೆ ಬೇರೆ ಕಡೆ ಇದೆ, ಅಲ್ಲಿಲ್ಲ. ಈಗ ಒಂದು ಅಧ್ಯಾಯ, ಕೆಲವು ಸಲ ಅರ್ಧ. ಯಾವ ವಚನ ಕಿರಿಕಿರಿ ಮಾಡುತ್ತದೋ ಅದನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆಯ ಡಬ್ಬಿಗೆ ಅಂಟಿಸುತ್ತೇನೆ. ಆ ದಿನ ಅದರ ಬಗ್ಗೆ ಏನು ಮಾಡಿದೆ ಅಂತ ರಾತ್ರಿ ಪ್ರಾರ್ಥನೆಯಲ್ಲಿ ದೇವರಿಗೆ ಹೇಳುತ್ತೇನೆ. ಎಷ್ಟೋ ದಿನ ಏನೂ ಮಾಡಿರುವುದಿಲ್ಲ. ಅದನ್ನೂ ಹೇಳುತ್ತೇನೆ.

"ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು" ಅಂತ ಚಿಕ್ಕಂದಿನಿಂದ ಹೇಳುತ್ತಾ ಬಂದವಳು ನಾನು. ಹಂಚಿನ ಕೆಲಸಕ್ಕೆ ಬಂದವರ ಅನುದಿನದ ಆಹಾರ ಎರಡು ದಿನ ನನ್ನ ಕಪಾಟಿನಲ್ಲಿತ್ತು. ನಾನು ಅದರ ಎದುರೇ ಮೊಣಕಾಲೂರಿ ಆ ಪ್ರಾರ್ಥನೆ ಹೇಳಿದ್ದೆ.

ನಾವು ಆರಾಧನೆಗೆ ಹೋಗುವ ಕಡೆ ಬೆಂಚು ಒರೆಸಿ, ಅಂಗಳ ಗುಡಿಸುವ ಒಬ್ಬರು ಹೆಂಗಸಿದ್ದಾರೆ. ಅವರ ಸಂಬಳ ಕೆಲವು ತಿಂಗಳು ಹತ್ತನೇ ತಾರೀಕು ದಾಟುತ್ತದೆ ಅಂತ ಮೊನ್ನೆ ಗೊತ್ತಾಯಿತು. ಕೇಳಿದರೆ, ಚೆಕ್ಕಿಗೆ ಇಬ್ಬರ ಸಹಿ ಬೇಕು, ಒಬ್ಬರು ಊರಲ್ಲಿರುವುದಿಲ್ಲ ಅಂತಾರೆ. ಕಮಿಟಿಯ ಮೀಟಿಂಗ್ ಭಾನುವಾರ ಇದೆ. ಮೊದಲು ವಾಕ್ಯ ಓದಿಯೇ ಶುರು ಮಾಡುತ್ತಾರೆ. ಈ ಸಲ ಓದುವ ಸರದಿ ನನಗೆ ಕೊಡಿ ಅಂತ ಕೇಳಿದ್ದೇನೆ.