ನೀರಿನ ಸುತ್ತೋಲೆಯಲ್ಲಿ ಪೌಂಡು

ನಲ್ಲಿ ನೀರು ಬಿಡುವ ದಿನ ಬದಲಾಗಿದೆ ಅಂತ ಒಂದು ಸುತ್ತೋಲೆ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬೇಕಲ್ಲ? ವರ್ಡ್ ಫೈಲು. ಹುಬ್ಬಳ್ಳಿಯವರಿಗೆ ನೀರಿನ ದಿನ ಅಂದರೇನು ಅಂತ ಹೊಸದಾಗಿ ಹೇಳಬೇಕಿಲ್ಲ. ಮದುವೆ ಮುಹೂರ್ತ ಮರೆತರೂ ಅದನ್ನು ಮರೆಯುವ ಹಾಗಿಲ್ಲ. ಗಡಿಬಿಡಿಯಲ್ಲಿ ಫೈಲ್ ತೆರೆದರೆ ಒಳಗೆ ಕನ್ನಡವೇ ಇಲ್ಲ. ಇಂಗ್ಲಿಷಿನ ಅಕ್ಷರಗಳು, ಅವುಗಳ ತಲೆ ಮೇಲೆ ಓರೆ ಗೀಟು, ನಡುನಡುವೆ ಬ್ರಿಟನ್ನಿನ ಪೌಂಡು.

ಇಷ್ಟು ಅಂತರರಾಷ್ಟ್ರೀಯ ಮಟ್ಟಕ್ಕೆ ನಮ್ಮ ಭಾಷೆಯನ್ನು ಒಯ್ದ ಆ ಕಚೇರಿಗೆ ರಾಜ್ಯೋತ್ಸವದ ದಿನ ಶಾಲು ಹೊದಿಸಬೇಕು. ‘ಕನ್ನಡ’ ಅನ್ನುವ ಪದವನ್ನೇ ನೋಡಿ. ಕಚೇರಿಗಳಲ್ಲಿ ಕನ್ನಡ ಟೈಪ್ ಮಾಡಲು ಬಳಸುವ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದದ್ದನ್ನು ಬೇರೆಯವರ ಕಂಪ್ಯೂಟರಿನಲ್ಲಿ ತೆರೆದರೆ, ಅದರಲ್ಲಿ ಒಂದು ಪಿ, ಒಂದು ಪೌಂಡು, ಒಂದು ಜರ್ಮನ್ ಅಕ್ಷರ ಸಿಗುತ್ತವೆ. ‘ನೀರು’ ಶುರುವಾಗುವುದಂತೂ ಯಾವ ದೇಶದ್ದೂ ಅಲ್ಲದ ಹಣದ ಗುರುತಿನಿಂದ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದವರಿಗೆ ಇದು ಸರಿಯಾಗೇ ಇದೆ ಅನ್ನಿಸಬಹುದು.

ಫೈಲ್ ತೆರೆದ ಕೂಡಲೇ ವರ್ಡ್ ಮೇಲುಗಡೆ ಒಂದು ಹಳದಿ ಪಟ್ಟಿ ತೋರಿಸುತ್ತದೆ. ಇಂಟರ್ನೆಟ್ಟಿನಿಂದ ಬಂದ ಫೈಲು, ಅಪಾಯ ಇರಬಹುದು, ಹುಷಾರು ಅಂತ. ಕಚೇರಿಗಳ ಬಗ್ಗೆ ಅದಕ್ಕೂ ಯಾರೋ ಹೇಳಿದ್ದಾರೆ.

ಕಾರಣ ದೊಡ್ಡದೇನಲ್ಲ. ಕಂಪ್ಯೂಟರಿಗೆ ಕನ್ನಡ ಗೊತ್ತಿಲ್ಲದ ಕಾಲದಲ್ಲಿ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದರು. ಫೈಲಿನಲ್ಲಿ ಉಳಿಯುವುದು ಪಿ, ಪರದೆ ಮೇಲೆ ಕಾಣುವುದು ಕ. ಅದೂ ಆ ಫಾಂಟ್ ಇದ್ದವರಿಗೆ ಮಾತ್ರ. ಅವತ್ತಿಗೆ ಅದು ಜಾಣತನವೇ. ಆದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, ಅಂದರೆ 1991ರಲ್ಲೇ, ಕನ್ನಡಕ್ಕೆ 128 ಸ್ಥಾನಗಳ ಜಾಗ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಅನ್ನುವ ಕನ್ನಡ ಫಾಂಟೂ ಬಂತು. ತುಂಗೆ ಹರಿದು ಇಪ್ಪತ್ತು ವರ್ಷ ದಾಟಿದೆ. ಈ ಕಚೇರಿಗೆ ಇನ್ನೂ ಹನಿ ಮುಟ್ಟಿಲ್ಲ.

ಫೋನ್ ಮಾಡಿದರೆ ಆ ಕಡೆಯವರು ಬಹಳ ಸಮಾಧಾನದಿಂದ ಮಾತಾಡುತ್ತಾರೆ. “ನಿಮ್ಮ ಮೊಬೈಲ್‌ದಾಗ ನುಡಿ ಇಲ್ರಿ ಸರ್ರ, ಅದಕ್ಕ ಹಂಗ ಕಾಣಾಕತ್ತದ. ಹಾಕ್ಕೋರಿ, ಸರಿ ಆಗ್ತದ.” ನೋಡಿ, ರೋಗ ನಮ್ಮದೇ.

ಸರಿ, ಝೆರಾಕ್ಸ್ ಅಂಗಡಿ ಇದೆಯಲ್ಲ. ತಹಶೀಲ್ದಾರ್ ಕಚೇರಿ, ಕೋರ್ಟು ಇದ್ದಲ್ಲೆಲ್ಲ ಇವು ಇರುತ್ತವೆ. ಸರ್ಕಾರದ ಕನ್ನಡವನ್ನು ಕನ್ನಡಿಗರಿಗೆ ಓದಿಸುವ ಗುತ್ತಿಗೆ ಇವರದ್ದು. ಅವರ ಹಳೆಯ ಕಂಪ್ಯೂಟರಿನಲ್ಲಿ ನುಡಿಯ ಎಲ್ಲ ತಲೆಮಾರುಗಳೂ ಒಟ್ಟು ಕುಟುಂಬದ ಹಾಗೆ ವಾಸವಾಗಿವೆ. ಅಂಗಡಿಯ ತಮ್ಮ ಫೈಲ್ ತೆರೆದು, ಎಲ್ಲವನ್ನೂ ಸೆಲೆಕ್ಟ್ ಮಾಡಿ, ಫಾಂಟ್ ಬದಲಿಸಿ, ಪ್ರಿಂಟ್ ತೆಗೆಯುತ್ತಾನೆ. ಆ ಕಾಗದವನ್ನು ಮೊಬೈಲಿನಲ್ಲಿ ಫೋಟೊ ಹೊಡೆದು ಗ್ರೂಪಿಗೆ ಹಾಕುತ್ತೇವೆ. ಫೋಟೊದ ಮೂಲೆಯಲ್ಲಿ ಯಾರದ್ದೋ ಹೆಬ್ಬೆರಳು. ಇದಕ್ಕೆ ನಾವು ಡಿಜಿಟಲ್ ಆಡಳಿತ ಅನ್ನುತ್ತೇವೆ.

ಇನ್ನು ಕೆಲವರು ಜಾಸ್ತಿ ತಿಳಿದವರು. ಅವರು ಕನ್ವರ್ಟರ್‌ಗೆ ಹಾಕಿ ಯೂನಿಕೋಡ್ ಮಾಡಿ ಕಳಿಸುತ್ತಾರೆ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ಆಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ರ್ ಮೊದಲು ಬರಬೇಕು. ಕನ್ವರ್ಟರ್ ಅದನ್ನು ಗಮನಿಸದಿದ್ದರೆ ಕರ್ನಾಟಕ ಹೋಗಿ ‘ಕನಾರ್ಟಕ’ ಆಗುತ್ತದೆ. ಈ ಕನಾರ್ಟಕದಲ್ಲಿ ನಾವೆಲ್ಲ ಎಷ್ಟೋ ವರ್ಷದಿಂದ ಇದ್ದೇವೆ. ಬ್ಯಾನರಿನಲ್ಲಿದೆ, ಆಮಂತ್ರಣ ಪತ್ರಿಕೆಯಲ್ಲಿದೆ. ಅದಕ್ಕೆ ಪ್ರತ್ಯೇಕ ರಾಜ್ಯದ ಸ್ಥಾನ ಕೊಡಿ ಅಂತ ಯಾರಾದರೂ ಧಾರವಾಡದಲ್ಲಿ ಧರಣಿ ಕೂತರೂ ಆಶ್ಚರ್ಯವಿಲ್ಲ. ಧರಣಿಗೆ ನಮ್ಮಲ್ಲಿ ಜನ ಸಿಗುತ್ತಾರೆ.

ಅಂದಹಾಗೆ, ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿನಲ್ಲೇ ಉದ್ದದ್ದು. ಅಷ್ಟು ಉದ್ದದ ಜಾಗ ಮಾಡಿಕೊಂಡ ಊರಲ್ಲಿ ಈ ಸುತ್ತೋಲೆ ಒಂದು ಪುಟದಲ್ಲಿ ನಿಲ್ಲುವುದಿಲ್ಲ. ಫಾಂಟ್ ಬದಲಾದರೆ ಅಳತೆ ಬದಲಾಗುತ್ತದೆ, ಸಾಲು ಮುರಿಯುತ್ತದೆ, ಅಧಿಕಾರಿಯ ಸಹಿಯೊಂದೇ ಎರಡನೇ ಪುಟಕ್ಕೆ ಜಿಗಿಯುತ್ತದೆ. ತಾನು ಬರೆದದ್ದರಿಂದ ದೂರ ನಿಲ್ಲುವುದು ಅವರಿಗೂ ಕ್ಷೇಮ ಅಲ್ವಾ?

ನಗುವುದು ಸಾಕು. ಕಣ್ಣು ಕಾಣದವರು ಸ್ಕ್ರೀನ್ ರೀಡರ್‌ನಲ್ಲಿ ಫೈಲ್ ಕೇಳುತ್ತಾರೆ. ಯೂನಿಕೋಡ್ ಇದ್ದರೆ ಅದು ಕನ್ನಡ ಓದುತ್ತದೆ. ಇದನ್ನು ಕೊಟ್ಟರೆ ಪಿ, ಎ, ಪೌಂಡು ಅಂತ ಬಡಬಡಿಸುತ್ತದೆ. ಫೋಟೊ ಕೊಟ್ಟರೆ ಅದೂ ಇಲ್ಲ. ಅವರಿಗೆ ಯಾವ ಝೆರಾಕ್ಸ್ ಅಂಗಡಿ? ಪಿಂಚಣಿ ಪತ್ರ, ಪರೀಕ್ಷೆಯ ದಿನಾಂಕ, ಮಾಹಿತಿ ಹಕ್ಕಿನ ಉತ್ತರ, ಎಲ್ಲ ಹೀಗೇ ಬರುತ್ತವೆ. ಕಳಿಸಿದವರ ಕಡತದಲ್ಲಿ ಮಾತ್ರ ‘ಸಾರ್ವಜನಿಕರಿಗೆ ತಿಳಿಸಲಾಗಿದೆ’ ಅಂತ ಇರುತ್ತದೆ. ಯಾರಿಗೆ ತಿಳಿಸಿದಿರಿ? ಓದಲಾಗದ್ದನ್ನು ಕೊಟ್ಟು, ಓದುವ ಕೆಲಸ, ಖರ್ಚು, ಅಲೆದಾಟ ಎಲ್ಲ ಜನರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದು ತಿಳಿಸುವುದಲ್ಲ.

ನೀರು ಯಾವತ್ತು ಬರುತ್ತದೆ ಅಂತ ಕೊನೆಗೆ ವಾಲ್ವ್‌ಮನ್‌ಗೆ ಕೇಳಿದೆವು. ಅವರ ಕನ್ನಡಕ್ಕೆ ಫಾಂಟ್ ಬೇಕಿಲ್ಲ. ಆದರೆ ಕಚೇರಿಯವರಿಗೂ ಇದು ಕಷ್ಟದ ಕೆಲಸವಲ್ಲ. ನುಡಿಯ ಹೊಸ ಆವೃತ್ತಿಯಲ್ಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಬಹುದು. ಕೀಬೋರ್ಡ್ ಅದೇ, ಬೆರಳು ಅದೇ, ಸಂಬಳವೂ ಅದೇ. ಬದಲಿಸಬೇಕಾದ್ದು ಒಂದು ಆಯ್ಕೆ. ಅದನ್ನೂ ನಾವೇ ಬಂದು ಒತ್ತಿ ಹೋಗಬೇಕೇನ್ರಿ?